ಕರೆಮ್ಮಕ್ಕ ಕ್ಯಾಮೆರಾ ಮುಂದೆ ನಿಂತಳು

ರಾಯಚೂರು
೧೮ ನವೆಂಬರ್ ೨೦೨೪, ಸೋಮವಾರ

ನನ್ನ ಮಲ್ಲಿ,

ನಿನ್ನೆ ನೀರಮಾನ್ವಿಯಲ್ಲಿ ಕರೆಮ್ಮಕ್ಕ ಕ್ಯಾಮೆರಾ ಮುಂದೆ ನಿಂತು ಹಾಡಿದಳು. ಇದನ್ನು ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ. ಬೆಳಿಗ್ಗೆಯಿಂದ ಅಂಗಡಿಯಲ್ಲಿ ಎರಡು ಸಲ ಯಾರದೋ ಆಧಾರ್ ಕಾರ್ಡನ್ನು ಇನ್ಯಾರದೋ ಹಿಂದೆ ಜೆರಾಕ್ಸ್ ಮಾಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಈ ಸಂತೋಷದ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಫೋನಿನಲ್ಲಾದರೆ ನೀನು ನಡುವೆಯೇ ನಕ್ಕು, ‘ಹೋಗಲಿ ಬಿಡು’ ಅಂದುಬಿಡುತ್ತೀ, ನಾನೂ ಬದುಕಿದೆ ಎಂದು ಸುಮ್ಮನಾಗುತ್ತೇನೆ. ಕಾಗದದ ಮೇಲೆ ನೀನು ನನ್ನನ್ನು ತಡೆಯಲಾರೆ.

ಕರೆಮ್ಮಕ್ಕನನ್ನು ನೀನು ನೋಡಿಲ್ಲ, ಕೇಳಿದ್ದೀ. ಮದುವೆ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ದೇವದುರ್ಗದ ಬಸ್ಸಿನಲ್ಲಿ ಹಚ್ಚುವ ಯೂಟ್ಯೂಬಿನ ಜಾನಪದ ಹಾಡುಗಳಲ್ಲಿ ಅರ್ಧದಷ್ಟು ಅವಳದೇ ದನಿ. ನೀರಮಾನ್ವಿಯವಳು, ನಲವತ್ತರ ಹತ್ತಿರ, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ಬಣ್ಣ ನಿನ್ನದೇ, ಕಪ್ಪು. ವಾರಕ್ಕೊಮ್ಮೆ ರಾಯಚೂರಿಗೆ ಬಂದು, ನಮ್ಮ ಜೆರಾಕ್ಸ್ ಅಂಗಡಿಯ ಮೇಲಿರುವ ದುರುಗೇಶಣ್ಣನ ಸ್ಟುಡಿಯೋದಲ್ಲಿ ಹಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾಳೆ. ವಿಡಿಯೋದಲ್ಲಿ ತುಟಿ ಅಲ್ಲಾಡಿಸುವವಳು ಬೇರೆ, ಯಾವಾಗಲೂ ಬೆಳ್ಳಗಿನವಳು. ಆರು ವರ್ಷದಲ್ಲಿ ಕರೆಮ್ಮಕ್ಕನ ಮುಖ ಒಂದು ಹಾಡಿನಲ್ಲೂ ಬಂದಿಲ್ಲ. ಆ ದನಿ ತನ್ನದೆಂದರೆ ಅವಳ ಊರಿನವರೇ ನಂಬುವುದಿಲ್ಲ.

ಆ ಹಾಡುಗಳ ಕೆಳಗೆ ‘ಸಾಹಿತ್ಯ: ಎ. ಅರಕೇರಾ’ ಎಂದು ಬರುತ್ತದಲ್ಲ, ನಮ್ಮೂರ ಹೆಸರಿನ ಹಿಂದೆ ಅಡಗಿರುವ ಆ ‘ಎ’ ನಾನೇ. ಮೂರು ವರ್ಷದಿಂದ ಬರೆಯುತ್ತಿದ್ದೇನೆ, ನಿನಗೆ ಹೇಳಿಲ್ಲ. ಯಾಕೆ ಎಂಬುದಕ್ಕೆ ಬರುತ್ತೇನೆ, ಸ್ವಲ್ಪ ತಾಳು.

ಹೋದ ತಿಂಗಳು ದುರುಗೇಶಣ್ಣ ಕೆಳಗಿಳಿದು ಬಂದು, ಬರೀ ಬೆಳ್ಳಗಿನ ಹುಡುಗಿಯ ಹಾಡೇ ಆಯಿತೆಂದು ಕಮೆಂಟಿನಲ್ಲಿ ಜನ ಬೈಯುತ್ತಿದ್ದಾರೆ, ಕಪ್ಪು ಹುಡುಗಿಯ ಮೇಲೆ ಒಂದು ಬರೆದುಕೊಡು ಅಂದ. ನಾನು ಕುಣಿದುಬಿಟ್ಟೆ. ಆದರೆ ಕೂತು ಬರೆಯಲು ಹೋದರೆ ಮಾತೇ ಇಲ್ಲ. ಬಿ.ಎ.ಯಲ್ಲಿ ನಾವಿಬ್ಬರೂ ಬಾಯಿಪಾಠ ಮಾಡಿದ ಪದ್ಯಗಳನ್ನು ನೆನೆಸಿಕೊಂಡೆ. ಮುಖ ಅಂದರೆ ಚಂದ್ರ, ಮೈ ಅಂದರೆ ಚಿನ್ನ. ನಮ್ಮ ಅವ್ವಂದಿರು ಮದುವೆಯಲ್ಲಿ ಹಾಡುವ ಪದಗಳಲ್ಲೂ ಸೊಸೆಯಾಗಿ ಬರುವವಳು ಹಾಲಿನಂಥವಳೇ. ಹಾಡುತ್ತ ಕೂತ ಅವ್ವಂದಿರೆಲ್ಲ ಬಿಸಿಲಲ್ಲಿ ಕರ್ರಗಾದವರು, ಆದರೂ ಒಬ್ಬರಿಗೂ ಅದು ತಟ್ಟಿದಂತಿಲ್ಲ. ಕೊನೆಗೆ ಎರೆ ಮಣ್ಣು ಅಂದೆ, ನೇರಳೆ ಹಣ್ಣು ಅಂದೆ, ಕೋಗಿಲೆ ಅಂದೆ. ಓದಿ ನೋಡಿದರೆ ಎಲ್ಲವೂ ಅವಳು ಕಪ್ಪಾಗಿದ್ದಕ್ಕೆ ಸಮಾಧಾನ ಹೇಳಿದಂತಿದ್ದವು. ಅಷ್ಟನ್ನೂ ಹರಿದು ಹಾಕಿ, ಹುಡುಗಿ ಏನು ಮಾಡುತ್ತಾಳೋ ಅಷ್ಟನ್ನೇ ಬರೆದೆ.

ಕರಿಯಾಕಿ ಬಸ್ಸ ಹತ್ಯಾಳ, ಕಿಟಕಿ ಸೀಟ ಹಿಡದಾಳ,
ಗಾಳಿಗಿ ಕೂದಲ ಬಿಟ್ಟಾಳ, ದಾರಿ ತುಂಬ ನಕ್ಕಾಳ.

ಕರೆಮ್ಮಕ್ಕ ಅದನ್ನು ಒಂದೇ ಸಲಕ್ಕೆ ಹಾಡಿದಳು.

ನಿನ್ನೆ ಶೂಟಿಂಗ್. ನೀರಮಾನ್ವಿಯ ರಸ್ತೆ ಪಕ್ಕದ ಹತ್ತಿ ಹೊಲ, ಎದುರಿಗೆ ಬಾಡಿಗೆಗೆ ತಂದ ಬಸ್ಸು. ನಾಯಕಿಯಾಗಿ ಹುಬ್ಬಳ್ಳಿಯಿಂದ ಬಂದ ಹುಡುಗಿ ಮೊಸರಿನಂತೆ ಬೆಳ್ಳಗಿದ್ದಳು. ದುರುಗೇಶಣ್ಣ ಮೇಕಪ್ ಮಾಡುವ ಸರ್ವರಿ ಆಪಾಗೆ ಅವಳನ್ನು ಕಪ್ಪಗೆ ಮಾಡು ಅಂದ. ಸರ್ವರಿ ಬೇಗಂ ಅಂದರೆ ರಾಯಚೂರಿನಲ್ಲಿ ಮದುಮಗಳ ಮೇಕಪ್ಪಿಗೆ ಹೆಸರಾದವರು. ಅವರು ಹುಡುಗಿಯ ಒಂದು ಕೆನ್ನೆಗೆ ಕಂದು ಬಣ್ಣ ಹಚ್ಚಿದರು, ಎರಡನೆಯದಕ್ಕೆ ಬ್ರಷ್ ಎತ್ತಿದವರು ಅದನ್ನು ಇಳಿಸಿಬಿಟ್ಟರು.

“ಇಪ್ಪತ್ತು ವರ್ಷ ಆತು, ಕರೇ ಹುಡುಗ್ಯಾರ್ನ ಬೆಳ್ಳಗ ಮಾಡಾಕತ್ತೀನಿ. ಈಗ ಬೆಳ್ಳನಾಕಿನ್ನ ಕರ್ರಗ ಮಾಡಂತೀರಿ. ಅಲ್ಲಾ ಮಾಡಿಟ್ಟಾಕಿ ಒಬ್ಬಾಕಿ ಅಲ್ಲೇ ಬೇವಿನ ಗಿಡದ ಬುಡಕ ಕುಂತಾಳಲ್ರೀ” ಅಂದರು.

ಎಲ್ಲರೂ ತಿರುಗಿ ನೋಡಿದೆವು. ತನ್ನೂರಲ್ಲಿ ಶೂಟಿಂಗ್ ಎಂದು ನೋಡಲು ಬಂದ ಕರೆಮ್ಮಕ್ಕ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ನನ್ನ ಮುಖ ಯಾರು ನೋಡುತ್ತಾರೆ, ದನಿ ಇದೆ, ಸಾಕು ಎಂದು ನಕ್ಕಳು. ದುರುಗೇಶಣ್ಣನೂ ನಕ್ಕ. ಇಂಥವಳನ್ನು ಹಾಕಿದರೆ ನಾಲ್ಕು ಜನವೂ ನೋಡುವುದಿಲ್ಲ ಅಂದ. ನಾನು ನಾಯಕಿಗೆ ಬಿಸಿಲು ತಾಗದಂತೆ ಛತ್ರಿ ಹಿಡಿದು ನಿಂತಿದ್ದೆ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಆಗ ನನಗೂ ಅವನು ಹೇಳುವುದು ಸರಿ ಅನ್ನಿಸಿತು.

ಮತ್ತೆ ಆಪಾ ಎರಡನೇ ಕೆನ್ನೆಗೆ ಬಣ್ಣ ಹಚ್ಚಲು ಕೈ ಎತ್ತಿದಾಗ, ಮಲ್ಲಿ, ನನಗೆ ನೀನು ಕಂಡೆ. ಮೂರು ವರ್ಷದ ಹಿಂದೆ ಕಾಲೇಜಿಗೆ ಹೋಗುತ್ತಿದ್ದ ದೇವದುರ್ಗದ ಬಸ್ಸಿನಲ್ಲಿ, ಆ ಬಿಸಿಲಲ್ಲೂ ಓಢಣಿಯಿಂದ ಕಣ್ಣು ಬಿಟ್ಟು ಪೂರ್ತಿ ಮುಖ ಸುತ್ತಿಕೊಂಡು ಕೂತ ನೀನು.

ಹಿಂದಿನ ಸೀಟಿನ ಹುಡುಗರು ಬೆಳ್ಳಗಿನ ನನ್ನನ್ನೂ ಪಕ್ಕದ ನಿನ್ನನ್ನೂ ನೋಡಿ ದಿನಾ ಹಾಡುತ್ತಿದ್ದರಲ್ಲ, ‘ಹಾಲಿನ ಕೆನಿಯಂಥಾಕಿ ಬಾಜೂಕ ಕಾಡಿಗಿ ಡಬ್ಬಿ ಯಾಕ’ ಎಂದು. ಮೊದಲ ದಿನ ನೀನೂ ನಕ್ಕೆ. ಮರುವಾರ ಓಢಣಿ ಬಂತು. ತಿಂಗಳು ಕಳೆಯುವಷ್ಟರಲ್ಲಿ ಅವ್ವನಿಗೆ ಹುಷಾರಿಲ್ಲ ಎಂದು ನೀನು ಕಾಲೇಜು ಬಿಟ್ಟೆ. ಕೊನೆಯ ವರ್ಷದ ಪರೀಕ್ಷೆಗೆ ನಾನೊಬ್ಬಳೇ ಕೂತೆ. ನಿಮ್ಮವ್ವ ಯಮನಮ್ಮ ನೀನು ಕಾಲೇಜು ಬಿಟ್ಟ ವಾರವೇ ಸಂತೆಯಲ್ಲಿ ತಲೆಯ ಮೇಲೆ ಜೋಳದ ಚೀಲ ಹೊತ್ತು ಗಟ್ಟಿಮುಟ್ಟಾಗಿ ಎದುರಾಗಿದ್ದಳು. ನೋಡಿಯೂ ನಾನು ನಿನ್ನನ್ನು ಏನೂ ಕೇಳಲಿಲ್ಲ.

ಆ ಹುಡುಗರು ಹಾಡುತ್ತಿದ್ದ ಸಾಲು ನನ್ನದು. ನನ್ನ ಮೊದಲ ಹಾಡು. ಆ ಮಾತನ್ನು ನನಗೆ ಕೊಟ್ಟವಳೂ ನೀನೇ. ನಮ್ಮ ಮನೆಯ ಕನ್ನಡಿ ಮುಂದೆ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತ, ನಾನೇ ಒಂದು ಕಾಡಿಗೆ ಡಬ್ಬಿ, ನನಗೇಕೆ ಕಾಡಿಗೆ ಎಂದು ನಿನ್ನನ್ನೇ ನೀನು ಗೇಲಿ ಮಾಡಿಕೊಂಡಿದ್ದೆ. ನನ್ನೆದುರು ಮಾತ್ರ ಆಡಬಹುದಾದ ಮಾತು ಅದು. ನಾನು ಅದನ್ನು ರಾಯಚೂರಿಗೆ ಒಯ್ದು ಸ್ಟುಡಿಯೋದಲ್ಲಿ ಓದಿದೆ, ಅಲ್ಲಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು, ನನಗೆ ದೊಡ್ಡ ಕವಿಯಾದಷ್ಟು ಹಿಗ್ಗಾಯಿತು. ಲಕ್ಷಾಂತರ ಜನ ನೋಡಿದರು. ನಿನಗೆ ಹೇಳದಿದ್ದದ್ದು ಅದಕ್ಕೇ. ಚಂದ್ರ, ಹಾಲು ಎಂದು ಮೊದಲು ಬರೆದವಳು ನಾನಲ್ಲ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಕಾಡಿಗೆ ಡಬ್ಬಿ ಎಂದು ಬರೆದವಳು ಮಾತ್ರ ನಾನೇ.

ಇದಿಷ್ಟನ್ನೂ ನಿನ್ನೆ ಅಲ್ಲಿಯೇ, ಛತ್ರಿ ಕೆಳಗಿಟ್ಟು, ಎಲ್ಲರೆದುರು ಹೇಳಿಬಿಟ್ಟೆ. ಅಳುತ್ತಲೇ ಹೇಳಿದೆ. ನಿನ್ನ ಹೆಸರು ಮಾತ್ರ ಎತ್ತಲಿಲ್ಲ. ದುರುಗೇಶಣ್ಣ ಗಡಿಯಾರ ನೋಡಿಕೊಂಡ. ಕರೆಮ್ಮಕ್ಕ ರೊಟ್ಟಿ ಕೆಳಗಿಟ್ಟಳು.

“ಅದನ್ನ ಹಾಡಿದಾಕಿ ನಾನು. ಹಾಡೂ ಮುಂದ ನನ್ನ ನಾನೇ ಬೈಕೊಂಡಂಗ ಆಗಿತ್ತು. ನೀ ಬರದಿ, ನಾ ಹಾಡೀನಿ. ಏಳು, ಇಬ್ಬರೂ ಮಾರಿ ತೊಳಕೊಳ್ಳೂನು” ಅಂದಳು.

ಕೊಡದ ನೀರಲ್ಲಿ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು, ನೇರ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಪೌಡರ್ ಬೇಡ ಅಂದಳು. ಆಪಾ ಅವಳ ತುರುಬನ್ನಷ್ಟೇ ಬಿಚ್ಚಿ ಕೂದಲು ಬಾಚಿದರು. ಹುಬ್ಬಳ್ಳಿಯ ಹುಡುಗಿ, ಪಾಪ, ಕೆನ್ನೆಯ ಬಣ್ಣ ಒರೆಸಿಕೊಂಡು ನಾನು ಬಿಟ್ಟ ಛತ್ರಿಯನ್ನು ತಾನೇ ಹಿಡಿದಳು. ಒಂದು ಸಲ ತೆಗೆದು ನೋಡೋಣ, ಚೆನ್ನಾಗಿ ಬರದಿದ್ದರೆ ಬಿಡೋಣ ಎಂದು ದುರುಗೇಶಣ್ಣ ಗೊಣಗುತ್ತ ಒಪ್ಪಿದ.

ಸ್ಪೀಕರಿನಲ್ಲಿ ಹಾಡು ಶುರುವಾಯಿತು. ತುಟಿ ಅಲ್ಲಾಡಿಸಿದರೆ ಸಾಕಾಗಿತ್ತು. ಅವಳಿಗೆ ಅದು ಬರುವುದೇ ಇಲ್ಲ, ಗಂಟಲೆತ್ತಿ ನಿಜವಾಗಿಯೇ ಹಾಡಿದಳು. ಬಸ್ಸು ಓಡಿತು, ಗಾಳಿಗೆ ಕೂದಲು ಹಾರಿತು, ಮಲ್ಲಿ, ಏನು ಚೆಂದ ಕಂಡಳು ಅಂತೀ! ಹತ್ತಿ ಬಿಡಿಸುತ್ತಿದ್ದ ಹೆಂಗಸರು ಮಡಿಲಲ್ಲಿ ಹತ್ತಿ ತುಂಬಿಕೊಂಡೇ ರಸ್ತೆಗೆ ಓಡಿ ಬಂದರು. ಬಸ್ಸು ನಿಂತಾಗ ಒಬ್ಬ ಮುದುಕಿ ಹೊರಗಿನಿಂದ ಕಿಟಕಿಯಲ್ಲಿ ಕೈ ಹಾಕಿ ಅವಳ ಗದ್ದ ಹಿಡಿದು, “ಇಷ್ಟ್ ದಿನ ಈ ದನಿ ನಿಂದೇನ ನಮ್ಮವ್ವ?” ಎಂದು ಕೇಳಿದಳು. ಕರೆಮ್ಮಕ್ಕ ಹೌದೆಂದು ತಲೆ ಆಡಿಸಿದಳು. ದುರುಗೇಶಣ್ಣ ಅದನ್ನೂ ತೆಗೆದುಕೊಂಡ. ಆಮೇಲೆ ಯಾರೂ ಕೇಳದಿದ್ದರೂ, ಇನ್ನೂ ಹತ್ತಿರದಿಂದ ತೆಗೆಯೋಣ ಎಂದು ತಾನೇ ಬಸ್ಸು ಹತ್ತಿದ.

ಹಾಡು ಓಡುತ್ತದೋ ಇಲ್ಲವೋ ಗೊತ್ತಿಲ್ಲ. ಹಳೆಯ ಹಾಡನ್ನು ತೆಗೆದುಹಾಕು ಎಂದು ದುರುಗೇಶಣ್ಣನ ಬೆನ್ನು ಹತ್ತಿದೆ. ಪೂರ್ತಿ ತೆಗೆಯಲು ಒಪ್ಪಲಿಲ್ಲ. ಇವತ್ತು ಬೆಳಿಗ್ಗೆ ಆ ಸಾಲನ್ನು ಮಾತ್ರ ಕತ್ತರಿಸಿದ. ಹುಡುಗರ ಫೋನುಗಳಲ್ಲಿ ಉಳಿದದ್ದು ಉಳಿದೇ ಇದೆ, ಅದನ್ನು ನಾನು ಅಳಿಸಲಾರೆ. ನೀನು ನನ್ನನ್ನು ಬೈದರೂ ಸರಿ, ಮಾತು ಬಿಟ್ಟರೂ ಸರಿ. ಹೋಗಲಿ ಬಿಡು ಎಂದು ಮಾತ್ರ ಅನ್ನಬೇಡ.

ನಿನ್ನ ಟೇಲರಿಂಗ್ ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಗಿರಾಕಿಗಳು ಹೋದ ಮೇಲೆ ಓದು.

ನಿನ್ನ ಗೆಳತಿ ಎಂದು ಬರೆಯಲು ನಿನ್ನ ಅಪ್ಪಣೆಗೆ ಕಾದಿರುವ,
ಅಂಬಿಕಾ

ತಾ.ಕ.: ಹಾಡಿನ ಕೊನೆಯ ಸಾಲಿನಲ್ಲಿ ಆ ಹುಡುಗಿಗೆ ಒಂದು ಹೆಸರು ಬೇಕಿತ್ತು. ಆ ಸಾಲೊಂದನ್ನು ಮಾತ್ರ ಕರೆಮ್ಮಕ್ಕನ ಕೈಯಲ್ಲಿ ಎರಡು ರೀತಿ ಹಾಡಿಸಿದ್ದೇನೆ, ಒಂದರಲ್ಲಿ ‘ಮಲ್ಲಿಕಾ’, ಇನ್ನೊಂದರಲ್ಲಿ ಬರೀ ‘ಹುಡುಗಿ’. ಅದು ಯಾರ ಹೆಸರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಶುಕ್ರವಾರದವರೆಗೆ ಬಿಡುಗಡೆ ಮಾಡಬೇಡ ಎಂದು ದುರುಗೇಶಣ್ಣನಿಗೆ ಹೇಳಿದ್ದೇನೆ. ಹೋದ ಸಲ ನಿನ್ನನ್ನು ಕೇಳಿರಲಿಲ್ಲ. ಈ ಸಲ ನೀನು ಹೂಂ ಅಂದರಷ್ಟೇ ‘ಮಲ್ಲಿಕಾ’.