ಮಾಣಿಕಪ್ಪನ ಹನ್ನೊಂದು ಸೌರ ಒಲೆಗಳನ್ನು ಹೊತ್ತೊಯ್ದವರಿಗೆ

ಇಂಧನ ಉಳಿತಾಯದ ಹೊಣೆ ಹೊತ್ತಿರುವ ಕಚೇರಿಯ ನಿರ್ದೇಶಕರಿಗೆ,
ಹೈದರಾಬಾದ್

ಮಾನ್ಯರೇ,

ಏಪ್ರಿಲ್ ಹನ್ನೆರಡರಂದು ಬೆಳಿಗ್ಗೆ ಹತ್ತೂವರೆಗೆ ತಮ್ಮ ಕಚೇರಿಯ ಮಿನಿ ಲಾರಿಯೊಂದು ಗಚ್ಚಿಬೌಲಿಯ ಆಚೆ ಇರುವ ಕಟ್ಟಡ ಕೂಲಿಗಳ ಶೆಡ್ಡುಗಳಿಗೆ ಬಂದು, ಒಳಗೆ ಬೇಯುತ್ತಿದ್ದ ಬೇಳೆಯ ಸಮೇತ ಹನ್ನೊಂದು ಸೌರ ಒಲೆಗಳನ್ನು ಎತ್ತಿಕೊಂಡು ಹೋಯಿತು. ಇಂಧನ ಉಳಿಸಿರೆಂದು ಊರ ತುಂಬ ಫಲಕ ನೆಟ್ಟಿರುವ ಕಚೇರಿ ತಮ್ಮದು. ಒಂದು ಚಕ್ಕೆ ಸೌದೆಯನ್ನೂ ಸುಡದೆ ಬೇಳೆ ಅನ್ನ ಬೇಯಿಸಿಕೊಳ್ಳುತ್ತಿದ್ದ ಹನ್ನೊಂದು ಕುಟುಂಬಗಳು ಆ ಫಲಕದ ಮಾತನ್ನು ನಿಜವೆಂದು ನಂಬಿದ್ದೇ ಅಪರಾಧವಾಯಿತೆ?

ಆ ಶೆಡ್ಡುಗಳ ವಿಷಯವಾಗಿ ನಾನು ತಮಗೆ ಇಂಗ್ಲಿಷಿನಲ್ಲಿ ಎರಡು, ತೆಲುಗಿನಲ್ಲಿ ಎರಡು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಐದನೆಯದನ್ನು ಕನ್ನಡದಲ್ಲಿ ಬರೆದು ಎಲ್ಲರೆದುರು ಇಡುತ್ತಿದ್ದೇನೆ. ತಾವು ಓದದಿದ್ದರೂ ಆ ಒಲೆಗಳ ಒಡೆಯರು ಯಾರಿಂದಲಾದರೂ ಓದಿಸಿ ಕೇಳುತ್ತಾರೆ; ಅವರೆಲ್ಲ ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯವರು. ನನ್ನ ತಂದೆ ಬೀದರದಿಂದ ಇಲ್ಲಿಗೆ ಸರಕಾರಿ ನೌಕರಿಗೆಂದು ಬಂದವರು. ನಾನು ಮೂವತ್ತೊಂದು ವರ್ಷ ಇದೇ ಊರಿನ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತಳಾಗಿ, ಈಗ ಲಿಂಗಂಪಲ್ಲಿಯಲ್ಲಿದ್ದೇನೆ. ಕಡತದ ಭಾಷೆ ಕೇಳಿಕೊಂಡೇ ಬೆಳೆದವಳು. 'ಪರಿಶೀಲನೆಯಲ್ಲಿದೆ' ಎಂದರೆ ಏನರ್ಥವೆಂದು ನನಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ.

ಹೋದ ಕಾರ್ತೀಕದಲ್ಲಿ ನಮ್ಮ ಪಕ್ಕದ ಮನೆಗೆ ಮೇಲಂತಸ್ತು ಏರಿಸುತ್ತಿದ್ದರು. ಅಲ್ಲಿ ಇಟ್ಟಿಗೆ ಹೊರಲು ಬಂದವಳು ಗುಂಡಮ್ಮ, ಸೇಡಂ ಹತ್ತಿರದ ಹಳ್ಳಿಯವಳು. ನನ್ನ ತಾರಸಿಯ ಮೇಲೆ ಹದಿನೈದು ವರ್ಷದ ಹಳೆಯ ಸೌರ ಒಲೆಯೊಂದಿತ್ತು. ಒಳಗೆ ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಎರಡು ಪದರ ಗಾಜು, ಮುಚ್ಚಳಕ್ಕೊಂದು ಕನ್ನಡಿ. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಗುಂಡಮ್ಮ ಗೋಡೆಯ ಆಚೆಯಿಂದ ಎರಡು ದಿನ ನೋಡಿ ಮೂರನೆಯ ದಿನ ಕೇಳಿದಳು.

"ಇದರಾಗ ಏನ್ ಇಟ್ಟೀರಿ, ಅಕ್ಕೋರ?"

"ತೊಗರಿ ಬ್ಯಾಳಿ."

"ಬೆಂಕಿ ಎಲ್ಲೈತ್ರಿ?"

ಬಿಸಿಲನ್ನು ತೋರಿಸಿದೆ. ಅವಳು ನಂಬಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ಬೆಂದ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿದಳು. "ರೊಟ್ಟಿ ಆಗ್ತಾವೇನ್ರಿ ಇದರಾಗ?" ಎಂದು ಕೇಳಿದಳು. ಇಲ್ಲವೆಂದೆ. "ಹಂಗಾರ ಅರ್ಧಾ ಒಲಿ ಐತಿ ಬಿಡ್ರಿ ಇದು" ಎಂದು ಹೋದವಳು ಮಾರನೆಯ ದಿನ ಗಂಡನನ್ನು ಕರೆತಂದಳು.

ಗಂಡ ಮಾಣಿಕಪ್ಪ. ಹದಿನೆಂಟು ವರ್ಷ ಕಲ್ಲು ಕೊರೆಯುವ ಯಂತ್ರದ ಮುಂದೆ ನಿಂತು, ಎದೆಯ ತುಂಬ ಕಲ್ಲಿನ ಪುಡಿ ತುಂಬಿಕೊಂಡವನು. ನನ್ನ ಮನೆಯ ಮೆಟ್ಟಿಲು ಹತ್ತಲು ನಾಲ್ಕು ಸಲ ನಿಂತ. ಅವನಿಂದ ಒಂದು ಇಟ್ಟಿಗೆಯನ್ನೂ ಎತ್ತುವುದಾಗುತ್ತಿರಲಿಲ್ಲ. ಹೊಗೆಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರೂ, ಹೆಂಡತಿ ದುಡಿಯಲು ಹೋದಾಗ ಶೆಡ್ಡಿನಲ್ಲಿ ಹೊಗೆ ಕುಡಿಯುತ್ತ ಅಡುಗೆ ಮಾಡುತ್ತಿದ್ದವನು ಅವನೇ. ಪೆಟ್ಟಿಗೆಯ ಸುತ್ತ ಬಹಳ ಹೊತ್ತು ತಿರುಗಿ ನೋಡಿದ. ಅದನ್ನು ಅವನಿಗೇ ಕೊಟ್ಟೆ.

ಉಳಿದ ಹತ್ತನ್ನು ಮಾಡಿದವನು ಅವರ ಜೊತೆಗೇ ಇರುವ ಬಡಗಿ ಬೂದೆಪ್ಪ. ಕಾಂಕ್ರೀಟು ಹಾಕಿದ ಮೇಲೆ ಎಸೆದ ಪ್ಲೈವುಡ್ ಹಲಗೆಗಳಿಂದ ಪೆಟ್ಟಿಗೆ ಹೊಡೆದು, ನಡುವೆ ಭತ್ತದ ಹೊಟ್ಟು ತುಂಬಿದ. ಕನ್ನಡಿ, ಅಲ್ಯೂಮಿನಿಯಂ ಡಬ್ಬಿಗಳಿಗಾಗಿ ನಾನೂ ಗುಂಡಮ್ಮನೂ ಸುಲ್ತಾನ್ ಬಜಾರಿನಲ್ಲಿ ಒಂದಿಡೀ ದಿನ ಅಲೆದೆವು. ಸಂಕ್ರಾಂತಿಯ ಹೊತ್ತಿಗೆ ಹನ್ನೊಂದು ಕುಟುಂಬಗಳಿಗೆ ಹನ್ನೊಂದು ಒಲೆ ಆದವು. ಹೆಂಗಸರು ಬೆಳಿಗ್ಗೆ ರೊಟ್ಟಿ ಬಡಿದು, ಬೇಳೆ ಅಕ್ಕಿ ತೊಳೆದು ಪೆಟ್ಟಿಗೆಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಮಾಣಿಕಪ್ಪ ಸುಣ್ಣದಲ್ಲಿ ಒಂದರಿಂದ ಹನ್ನೊಂದರವರೆಗೆ ಅಂಕಿ ಬರೆದು, ತಲೆಗೆ ಟವೆಲ್ ಸುತ್ತಿಕೊಂಡು, ಅರ್ಧ ಗಂಟೆಗೊಮ್ಮೆ ಪ್ರತಿ ಪೆಟ್ಟಿಗೆಯನ್ನೂ ಸೂರ್ಯನ ಕಡೆ ತಿರುಗಿಸುತ್ತಿದ್ದ. ಅದನ್ನು 'ನನ್ನ ಡ್ಯೂಟಿ' ಎನ್ನುತ್ತಿದ್ದ.

ಒಂದು ಭಾನುವಾರ ಹೋದಾಗ ಅವನು ಹೇಳಿದ: "ಅಕ್ಕೋರ, ಹದಿನೆಂಟ ವರ್ಷ ಕಲ್ಲ ಕೊರದೆ, ಒಬ್ರೂ ನನ್ನ ಹಾದಿ ಕಾಯಲಿಲ್ಲ. ಈಗ ಮಧ್ಯಾನ್ಹ ಆತಂದ್ರ ಹನ್ನೊಂದ ಮನಿಯವ್ರು ಮಾಣಿಕಪ್ಪ ಎಲ್ಲಿ ಅಂತಾರ."

ಇನ್ನು ತಮ್ಮ ಪ್ರೀತಿಯ ಕಟ್ಟಡದ ವಿಷಯ. ಫೆಬ್ರವರಿಯಲ್ಲಿ ಶೆಡ್ಡುಗಳ ಪೂರ್ವಕ್ಕೆ ಹತ್ತು ಅಂತಸ್ತಿನ ಗಾಜಿನ ಕಟ್ಟಡವೊಂದು ಉದ್ಘಾಟನೆಯಾಯಿತು. ಕಟ್ಟಿದವರು ಇದೇ ಶೆಡ್ಡಿನ ಜನ. ಒಳಗೆ ಕಂಪ್ಯೂಟರ್ ಕೆಲಸ, ನೆಲದಿಂದ ತುದಿಯವರೆಗೆ ಗಾಜು, ತೆರೆಯಲು ಒಂದೂ ಕಿಟಕಿಯಿಲ್ಲ. ಅದಕ್ಕೆ ತಾವು ಇಂಧನ ಉಳಿತಾಯದ ಪ್ರಶಸ್ತಿ ಕೊಟ್ಟಿರಿ. ಹೈದರಾಬಾದಿನ ಬಿಸಿಲಿನಲ್ಲಿ ಮುಚ್ಚಿದ ಗಾಜಿನ ಡಬ್ಬಿ ನಿಲ್ಲಿಸಿದರೆ ಒಳಗೆ ಏನಾಗುತ್ತದೆಂದು ಹನ್ನೊಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಶಾಸ್ತ್ರದ ಪ್ರಕಾರ ಅದೂ ಒಂದು ಸೌರ ಒಲೆಯೇ. ಒಳಗಿರುವವರು ಬೇಯದಿರಲೆಂದು ಎ.ಸಿ. ಯಂತ್ರಗಳನ್ನು ಬಿಡುವಿಲ್ಲದೆ ಓಡಿಸಬೇಕು, ಅಷ್ಟೇ ವ್ಯತ್ಯಾಸ. ಯಾವ ಉಳಿತಾಯಕ್ಕೆ ಆ ಪ್ರಶಸ್ತಿ? ಖಾಲಿ ಶೌಚಾಲಯದಲ್ಲಿ ದೀಪ ತಾನಾಗಿ ಆರುತ್ತದಂತೆ. ಅಭಿನಂದನೆಗಳು.

ಆ ಗಾಜು ತನಗೆ ಬೇಡವಾದ ಬಿಸಿಲನ್ನು ಎಲ್ಲಿಗೆ ಎಸೆಯುತ್ತದೆಂದು ತಾವು ಯೋಚಿಸಿದ್ದೀರಾ? ಮಧ್ಯಾಹ್ನ ಮೂರರ ಮೇಲೆ ಅದರ ಪಶ್ಚಿಮದ ಮುಖಕ್ಕೆ ಬಿದ್ದ ಬೆಳಕೆಲ್ಲ ತಿರುಗಿ ಈ ತಗಡಿನ ಶೆಡ್ಡುಗಳ ಮೇಲೆ ಬೀಳುತ್ತದೆ. ಮಾರ್ಚ್ ಕೊನೆಯಲ್ಲಿ ನಾನೇ ತಾಪಮಾಪಕ ಹಿಡಿದು ಅಳೆದೆ. ಒಳಗೆ ನಲವತ್ತೇಳು ಡಿಗ್ರಿ ಇತ್ತು. ತಮಗೆ ಬರೆದ ಮೊದಲ ಪತ್ರ ಅದರ ಬಗ್ಗೆಯೇ. ಯಾರೂ ಬರಲಿಲ್ಲ. ಆದರೆ ಮಾಣಿಕಪ್ಪ ಮುಚ್ಚಳ ತೆಗೆದು ಹಾಕುವಾಗ ಕನ್ನಡಿಯ ಬೆಳಕು ನಾಲ್ಕನೆಯ ಅಂತಸ್ತಿನ ಮೀಟಿಂಗ್ ಕೋಣೆಗೆ ಒಂದು ಕ್ಷಣ ಹೊಡೆಯುತ್ತದೆಂದು ಅಲ್ಲಿಂದ ದೂರು ಬಂದದ್ದೇ ತಡ, ಮೂರನೆಯ ದಿನಕ್ಕೆ ಲಾರಿ ಬಂತು.

ಲಾರಿಯ ಜೊತೆ ಬಂದ ಪರಿವೀಕ್ಷಕರು ಹಿಂದಿಯಲ್ಲಿ, ಇದಕ್ಕೆಲ್ಲ ಪರ್ಮಿಷನ್ ಇದೆಯೇ ಎಂದು ಕೇಳಿದರು. ಮಾಣಿಕಪ್ಪ ತನಗೆ ಬರುವ ಹೈದರಾಬಾದಿ ಹಿಂದಿಯಲ್ಲಿ, "ಧೂಪ್ ಕು ಭೀ ಪರ್ಮಿಷನ್ ಹೋನಾ, ಸಾಬ್?" ಎಂದ. ಬಿಸಿಲಿಗೂ ಪರವಾನಿಗೆ ಬೇಕೇ ಎಂದು ಅವನು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ಬೇಕೆಂದರೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೋಗುತ್ತಿದ್ದ. ಆಮೇಲೆ, ಬೇಳೆ ಇನ್ನೇನು ಬೆಂದಿದೆ, ಡಬ್ಬಿಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ, ಹತ್ತು ನಿಮಿಷ ಕೊಡಿ ಎಂದು ಬೇಡಿದ. ಕೊಡಲಿಲ್ಲ. ಮಧ್ಯಾಹ್ನ ಹೆಂಗಸರು ರೊಟ್ಟಿ ಕಟ್ಟಿಕೊಂಡು ಬಂದಾಗ, ಹನ್ನೊಂದು ಮನೆಯ ಊಟ ಕಳೆದದ್ದು ತನ್ನ ತಪ್ಪೆಂಬಂತೆ ಅವನು ತಲೆ ತಗ್ಗಿಸಿ ಕೂತಿದ್ದನಂತೆ.

ಮಾರನೆಯ ದಿನ ಅವನೇ ಮೂರು ಕಲ್ಲು ಹೂಡಿ, ದೊಡ್ಡ ಪಾತ್ರೆಯಿಟ್ಟು, ಎಲ್ಲರ ಬೇಳೆಯನ್ನೂ ಒಟ್ಟಿಗೆ ಬೇಯಿಸಲು ಶುರುಮಾಡಿದ. ಬೇಡವೆಂದು ಗುಂಡಮ್ಮ ಜಗಳವಾಡಿದಳು. "ನನ್ನ ನಂಬಿ ಹೋಗ್ಯಾರ" ಎಂದ. ಉರಿಸಲು ಸಿಕ್ಕದ್ದು ಎಣ್ಣೆ ಕುಡಿದ, ಅಂಟು ಹಚ್ಚಿದ ಅದೇ ಪ್ಲೈವುಡ್ ತುಂಡುಗಳು. ಅದರ ಹೊಗೆ ಎಂಥದೆಂದು ತಮ್ಮ ಕೋಣೆಯಲ್ಲಿ ಕೂತು ತಿಳಿಯುವುದಿಲ್ಲ. ಒಂಬತ್ತನೆಯ ದಿನ ಒಲೆಯ ಪಕ್ಕದಲ್ಲೇ ಬಿದ್ದ. ಗುಂಡಮ್ಮ ತಲೆಯ ಮೇಲಿನ ಬುಟ್ಟಿಯನ್ನು ಅಲ್ಲೇ ಎಸೆದು ಓಡಿಬಂದಳು. ನಾನು ಆಸ್ಪತ್ರೆಗೆ ಹೋದಾಗ ಅವನ ಮೂಗಿಗೆ ನಳಿಗೆ ಹಾಕಿದ್ದರು, ಉಗುರು ನೀಲಿಯಾಗಿತ್ತು. ಹನ್ನೆರಡು ದಿನದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದರು: ಮತ್ತೆ ಹೊಗೆಯಲ್ಲಿ ಕೂತರೆ ಇವನನ್ನು ಇಲ್ಲಿಗೆ ತರುವ ಅಗತ್ಯವೇ ಬೀಳುವುದಿಲ್ಲ.

ಸುತ್ತ ಎಲ್ಲ ಶೆಡ್ಡುಗಳ ಮುಂದೂ ಈಗ ಅದೇ ಹೊಗೆ. ಗುಂಡಮ್ಮ ಅವನನ್ನು ಊರಿಗೆ, ಮೈದುನನ ಮನೆಗೆ ಕಳಿಸಿದಳು. ತಾನು ಹೋಗುವಂತಿಲ್ಲ, ಕೆಲಸ ಇರುವುದು ಇಲ್ಲಿ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೆ ಅವಳು ಬೆಂಚಿನ ಮೇಲೆ ಕೂತು ಅಂದಳು: "ಮೂವತ್ತ ವರ್ಷ ಸಂಸಾರ ಮಾಡೀನ್ರಿ. ಬರಗಾಲದಾಗೂ ಒಬ್ರನ್ನೊಬ್ರು ಬಿಟ್ಟಿಲ್ಲ. ಈಗ ಬ್ಯಾಳಿ ಬೇಯ್ಸೂ ಸಂಬಂಧ ಗಂಡನ್ನ ಊರಿಗಿ ಕಳಸಾಕತ್ತೀನಿ." ಇದಕ್ಕೆ ಅವಳಿಗೆ ಹೇಳಬಹುದಾದ ಮಾತೇನಾದರೂ ತಮಗೆ ತೋಚುತ್ತದೆಯೇ?

ಇಷ್ಟೇ ಆಗಿದ್ದರೆ ಇದನ್ನು ಇಲಾಖೆಯ ಮಂದಬುದ್ಧಿ ಎಂದುಕೊಂಡು ಇನ್ನೊಂದು ಅರ್ಜಿ ಬರೆಯುತ್ತಿದ್ದೆನೇನೋ. ಆದರೆ ಜೂನ್ ಐದರಂದು, ತಮ್ಮ ಕಚೇರಿಯಲ್ಲಿ ನಡೆದ ಪರಿಸರ ದಿನದ ವಸ್ತುಪ್ರದರ್ಶನಕ್ಕೆ ನಾನು ಹೋದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಪರದೆಗಳನ್ನೆಲ್ಲ ಎಳೆದು, ಟ್ಯೂಬ್‌ಲೈಟ್ ಹಚ್ಚಿ, ಬಾಗಿಲಲ್ಲಿ ನಿಂತ ಜವಾನ ಸ್ವೆಟರ್ ತೊಡುವಷ್ಟು ತಂಪು ಮಾಡಿದ್ದಿರಿ. ನಡುವಿನ ಮೇಜಿನ ಮೇಲೆ ಹನ್ನೊಂದು ಸೌರ ಒಲೆಗಳು, ಮೇಲೆ ಒಂದೊಂದು ವಿದ್ಯುತ್ ದೀಪ. ಪಕ್ಕದ ಫಲಕದಲ್ಲಿ, 'ಬಡ ಕುಟುಂಬಗಳಿಗೆ ಸೌರ ಒಲೆ: ನಮ್ಮ ಕಚೇರಿಯ ಸಾಧನೆ.' ಸುಣ್ಣದ ಅಂಕಿಗಳು ಹಾಗೇ ಇದ್ದವು. ಐದನೆಯದರ ಮುಚ್ಚಳ ಎತ್ತಿದೆ. ಡಬ್ಬಿಯಲ್ಲಿ ಆವತ್ತಿನ ಬೇಳೆ ಕಪ್ಪಾಗಿ ಒಣಗಿ ಅಂಟಿಕೊಂಡಿತ್ತು. ಅಲ್ಲಿ ನಿಂತಿದ್ದ ಹುಡುಗಿ, "ಮುಟ್ಟಬೇಡಿ ಮೇಡಂ, ಇವು ಮಾಡೆಲ್, ಬಳಸುವುದಕ್ಕಲ್ಲ" ಎಂದು ವಿನಯದಿಂದಲೇ ಹೇಳಿದಳು. ತಾವು ಹತ್ತಡಿ ದೂರದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದಿರಿ. ನಾನು ಬಂದು, ಇವು ಮಾಣಿಕಪ್ಪನವು ಎಂದೆ. ತಾವು ಮುಗುಳ್ನಕ್ಕು, "ಲಿಖಿತವಾಗಿ ಕೊಡಿ" ಎಂದಿರಿ.

ಕೊಟ್ಟಿದ್ದೇನೆ. ಈಗ ಕೇಳಿ.

ಆ ಗಾಜಿನ ಕಟ್ಟಡಕ್ಕೆ ಕೊಟ್ಟ ಪ್ರಶಸ್ತಿ ಹಿಂದಕ್ಕೆ ಬರಬೇಕು. ಅದರ ಪಶ್ಚಿಮದ ಮುಖಕ್ಕೆ ನೆರಳಿನ ವ್ಯವಸ್ಥೆ ಆಗಬೇಕು. ಇನ್ನೇನು ಮಳೆಗಾಲ ಬಂತು, ಸೌರ ಒಲೆಗೇನು ಅವಸರ ಎಂದು ತಮ್ಮ ಗುಮಾಸ್ತರು ಟಿಪ್ಪಣಿ ಬರೆಯಬಹುದು. ಬರೆಯಲಿ. ಮೋಡವಿದ್ದ ದಿನ ಏನು ಮಾಡಬೇಕೆಂದು ಆ ಹೆಂಗಸರಿಗೆ ಗೊತ್ತು. ಬರುವ ಸೋಮವಾರ ಅವರು ಒಂದು ದಿನದ ಕೆಲಸ ಬಿಟ್ಟು, ಗುಂಡಮ್ಮನನ್ನು ಮುಂದಿಟ್ಟುಕೊಂಡು ತಮ್ಮ ಕಚೇರಿಗೆ ಬರುತ್ತಾರೆ. ಘೋಷಣೆ ಕೂಗುವುದಿಲ್ಲ. ತಂತಮ್ಮ ಪೆಟ್ಟಿಗೆಗಳನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಾರೆ. ಗೇಟು ತೆಗೆಸಿಡಿ.

ಮತ್ತು ಮಾಣಿಕಪ್ಪನಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲಿ. ಅವನು ಓದಿದ್ದು ನಾಲ್ಕನೆಯ ಇಯತ್ತೆ. ಅಕ್ಷರ ಕೂಡಿಸಿ ನಿಧಾನ ಓದುತ್ತಾನೆ. ಆದ್ದರಿಂದ ಆದೇಶ ಸಂಖ್ಯೆ, ಉಲ್ಲೇಖ, ಸದರಿ, ಮೇರೆಗೆ ಯಾವುದೂ ಬೇಡ. 'ತಪ್ಪಾಯಿತು' ಎಂದು ಬರೆದು ಕೆಳಗೆ ಸಹಿ ಮಾಡಿ. ಅಷ್ಟನ್ನು ಅವನು ಓದಿಕೊಳ್ಳಬಲ್ಲ.

ಇಂತಿ,
ಮೂವತ್ತೊಂದು ವರ್ಷ ಮಕ್ಕಳಿಗೆ ಸೂರ್ಯನ ಶಕ್ತಿ ಎಲ್ಲರಿಗೂ ಉಚಿತವೆಂದು ತಪ್ಪು ಪಾಠ ಹೇಳಿದ,
ವತ್ಸಲಾ ದೇಶಪಾಂಡೆ
ಲಿಂಗಂಪಲ್ಲಿ, ಜೂನ್ ೨೦೦೬