ಸೂರಿನ ಸೇತುವೆಯನ್ನು ಕೆಡವುವ ಮುನ್ನ

ಉದ್ಯಾನಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ಹಳ್ಳದ ಮೇಲಿರುವ ಸೂರಿನ ಸೇತುವೆಯನ್ನು ಮುಂದಿನ ವಾರ ಕೆಡವುವುದಾಗಿ, ಸುತ್ತಲೂ ಬಿಗಿದ ತಗಡಿನ ಮೇಲೆ ತಾವು ನೋಟಿಸು ಅಂಟಿಸಿದ್ದೀರಿ. ಕಾರಣ, ‘ದೀರ್ಘಕಾಲದ ನಿರ್ಲಕ್ಷ್ಯ’. ಯಾರ ನಿರ್ಲಕ್ಷ್ಯ ಎಂದು ಬರೆಯಲು ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ. ಆ ಕೊರತೆ ತುಂಬಲು ಈ ಪತ್ರ.

ನಾನು ಬಡಗಿ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಆ ಸೇತುವೆ ಕಟ್ಟಿದವರು ನನ್ನ ಅಣ್ಣ ಮತ್ತು ನಾನು. ಮರ ಮಳೆಗೆ ನೆನೆಯದಿರಲೆಂದೇ ಮೇಲೆ ಹೆಂಚು ಹೊದಿಸಿದ್ದೆವು. ನಾಲ್ಕು ವರ್ಷದ ಹಿಂದೆ ಕೊಂಬೆಯೊಂದು ಬಿದ್ದು ಆರು ಹೆಂಚು ಒಡೆದವು. ಆರೇ ಆರು. ಅಣ್ಣ ಮರುದಿನವೇ ಅರ್ಜಿ ಕೊಟ್ಟ. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಎರಡನೆಯ ಮಳೆಗಾಲಕ್ಕೆ ತೊಲೆಯ ತುದಿ ಮೆತ್ತಗಾಯಿತು, ಮತ್ತೆ ಅರ್ಜಿ. ಈ ಬಾರಿ ತಾವು ನಿಜಕ್ಕೂ ಚುರುಕಾದಿರಿ: ಸೇತುವೆಗೆ ಹಸಿರು ಬಣ್ಣ ಬಳಿಸಿದಿರಿ. ಸೂರಿನ ತೂತು ಮಾತ್ರ ಹಾಗೇ ಉಳಿಯಿತು. ಕೂಲಿ ಬೇಡ, ನಾವೇ ಹೊದಿಸಿಕೊಡುತ್ತೇವೆ ಎಂದು ಅಣ್ಣ ಬಂದು ಕೈಮುಗಿದಾಗ, ಹೊರಗಿನವರು ಸಾರ್ವಜನಿಕ ಆಸ್ತಿಯನ್ನು ಮುಟ್ಟುವಂತಿಲ್ಲ ಎಂದು ನಿಮ್ಮ ಗುಮಾಸ್ತರು ತಿಳಿಹೇಳಿದರು.

ಅಣ್ಣನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ, ನನಗೂ ಹೇಳದೆ, ಏಣಿ ಮತ್ತು ಹೆಂಚು ಹೊತ್ತುಕೊಂಡು ಹೋದ. ನಾಲ್ಕು ಹೊದಿಸುವಷ್ಟರಲ್ಲಿ ಕಾವಲುಗಾರ ಕೆಳಗಿಳಿಸಿದ. ಸಾರ್ವಜನಿಕ ಆಸ್ತಿಗೆ ಹಾನಿ ಎಂದು ದೂರು ದಾಖಲಾಯಿತು. ಹೊದಿಸಿದ ನಾಲ್ಕು ಹೆಂಚುಗಳನ್ನೂ ಸಾಕ್ಷ್ಯವೆಂದು ಕಿತ್ತು ಒಯ್ದಿರಿ. ಒಡೆಯುವುದಕ್ಕೂ ಹೊದಿಸುವುದಕ್ಕೂ ವ್ಯತ್ಯಾಸ ತಿಳಿಯದ ಇಲಾಖೆಗೆ ಇಡೀ ಉದ್ಯಾನವನ್ನು ಒಪ್ಪಿಸಿದವರಾರು? ಹನ್ನೊಂದು ತಿಂಗಳು ಎಳೆದಾಡಿ ಪ್ರಕರಣ ಬಿದ್ದುಹೋಯಿತು. ಅಷ್ಟರಲ್ಲಿ ಅಣ್ಣ ಉಳಿ ಹಿಡಿಯುವುದನ್ನೇ ಬಿಟ್ಟಿದ್ದ. ನೆರೆಮನೆಯವರು ಬಾಗಿಲು ಸರಿಮಾಡಿಕೊಡೆಂದು ಕರೆದರೆ, “ಮುಟ್ಟಬಹುದಾ, ಕೇಳ್ಕೊಂಡು ಬನ್ನಿ” ಎನ್ನುತ್ತಾನೆ. ತಮಾಷೆಗಲ್ಲ.

ಕಳೆದ ಭಾನುವಾರ ಅವನನ್ನು ಒತ್ತಾಯಿಸಿ ಕರೆದೊಯ್ದೆ. ತಗಡಿನ ಸಂದಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಅಂದು ಏಣಿಯಿಂದ ಇಳಿಸಿದ ಕಾವಲುಗಾರನೇ ತನ್ನ ಕುರ್ಚಿ ತಂದಿಟ್ಟ. ಅಣ್ಣ ಕೂರಲಿಲ್ಲ.

“ನಡುವಿನ ತೊಲೆ ಇನ್ನೂ ಗಟ್ಟಿ ಇದೆ ಕಣೋ,” ಎಂದ.

“ಇನ್ನೊಂದು ಅರ್ಜಿ ಕೊಡೋಣ್ವಾ?” ಎಂದೆ.

“ಬೇಡ. ಕೊಟ್ರೆ ಅದಕ್ಕೂ ಬಣ್ಣ ಬಳೀತಾರೆ.”

ಕೆಡವಬೇಡಿ ಎಂದು ಬೇಡುವ ಕಾಲ ಮುಗಿಯಿತೆಂದು ಬಲ್ಲೆ. ನನ್ನ ಬೇಡಿಕೆ ಒಂದೇ: ಯಂತ್ರ ತರಿಸಬೇಡಿ. ಆ ಸೇತುವೆಯ ಮರಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸಿಲ್ಲ. ಎಲ್ಲವೂ ಮರದ ಗೂಟಗಳು. ಯಾವುದನ್ನು ಯಾವ ಕಡೆಯಿಂದ ಬಡಿದರೆ ಬಿಚ್ಚಿಕೊಳ್ಳುತ್ತದೆಂದು ಅಣ್ಣನಿಗೆ ಗೊತ್ತು. ನಮಗೆ ಎರಡು ದಿನ ಕೊಡಿ, ಕಾಗದದ ಮೇಲೆ ಅನುಮತಿ ಕೊಡಿ. ಕಟ್ಟಿದ ಕೈಯಿಂದಲೇ ಬಿಚ್ಚಿ ಓರಣವಾಗಿ ಪೇರಿಸಿಡುತ್ತೇವೆ. ಮರವನ್ನು ನಿಮ್ಮ ಉಗ್ರಾಣಕ್ಕೇ ಒಯ್ಯಿರಿ. ಅನುಮತಿ ಬಂದೀತೆಂಬ ನಂಬಿಕೆ ನನಗಿಲ್ಲ. ಆದರೂ, ಅಣ್ಣನಿಗೆ ಹೇಳದೆ, ಗೂಟ ಬಡಿಯುವ ಎರಡು ಕೊಡತಿಗಳನ್ನು ಚೀಲಕ್ಕೆ ಹಾಕಿಟ್ಟಿದ್ದೇನೆ.

ಇಂತಿ,
ಕಟ್ಟಿದ ಇಬ್ಬರಲ್ಲಿ ಕಿರಿಯವನು