ಕೊಂಬಿನ ದೆವ್ವದ ಬುಟ್ಟಿ

ಗಾಜಿಪುರ, ಕಲಬುರಗಿ
ಡಿಸೆಂಬರ್ 18

ಪುತಳಾಬಾಯಿ ಅಕ್ಕನಿಗೆ ಗುರುದೇವಿಯ ನಮಸ್ಕಾರ. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಈ ಕಾರ್ಡ್.

ನಾನು ಆಯಾ ಆಗಿ ಸೇರಿರುವ ಹಾಸ್ಟೆಲಿನಲ್ಲಿ ನಿನ್ನೆ ಕ್ರಿಸ್‌ಮಸ್ ಕಾರ್ಯಕ್ರಮವಿತ್ತು. ಉಡುಗೊರೆ ಕೊಡುವ ಅಜ್ಜನ ಹಿಂದೆಯೇ ಕೊಂಬು, ಸರಪಳಿ ತೊಟ್ಟ ಒಂದು ದೆವ್ವವೂ ಬಂತು. ತಪ್ಪು ಮಾಡಿದವರನ್ನು ಅದು ಬುಟ್ಟಿಯಲ್ಲಿ ಹೊತ್ತೊಯ್ಯುತ್ತದೆಂದು ಯಾವುದೋ ಹೊರದೇಶದ ಕಥೆಯಂತೆ. ಮಕ್ಕಳೆಲ್ಲ ಚೀರಿ ಓಡಿದರು. ಏಳು ವರ್ಷದ ಸೃಷ್ಟಿ ಮಾತ್ರ ಹತ್ತಿರ ಹೋಗಿ ಬುಟ್ಟಿಯೊಳಗೆ ಇಣುಕಿದಳು. ಅವಳಿಗೆ ತಂದೆ ಮೊದಲೇ ಇಲ್ಲ, ತಾಯಿ ಈ ದೀಪಾವಳಿಗೆ ತೀರಿಕೊಂಡಳು.

"ನಮ್ಮವ್ವನ್ನ ಎಲ್ಲಿ ಇಟ್ಟೀದಿ? ಸುಳ್ಳು ಹೇಳಿದಾಕಿ ನಾನು, ಆಕಿ ಅಲ್ಲ. ಆಕಿನ್ನ ಬಿಡು, ನನ್ನ ಒಯ್ಯಿ" ಎಂದಳು.

ವೇಷ ಹಾಕಿದ್ದ ಮಾಸ್ತರರು ಮುಖವಾಡ ತೆಗೆದು ಬುಟ್ಟಿ ಕೆಳಗಿಟ್ಟರು. ಹುಡುಗಿ ಆಗಿನಿಂದ ಊಟ ಮುಟ್ಟಿಲ್ಲ.

ಅಡುಗೆಯ ಸುಗುಣಮ್ಮ ಚರ್ಚಿಗೆ ಹೋಗುವವರು. "ಯೇಸುಸ್ವಾಮಿ ಹುಟ್ಟೂವಾಗ ಯಾರೂ ಮನ್ಯಾಗ ಜಾಗ ಕೊಡಲಿಲ್ಲವ್ವಾ. ಅದನ್ನ ನೆನಸೂ ಹಬ್ಬ ಇದು, ಕೂಸುಗಳ್ನ ಅಂಜಿಸೂದಲ್ಲ" ಎಂದು ಕಣ್ಣೊರೆಸಿಕೊಂಡರು.

ಮಂಗಳವಾರ ಹಾಸ್ಟೆಲ್ ಮುಚ್ಚುತ್ತದೆ. ಕರೆದೊಯ್ಯಲು ಬರುವುದಿಲ್ಲವೆಂದು ಸೃಷ್ಟಿಯ ಸೋದರಮಾವ ಹೇಳಿದ್ದಾನೆ. ಅವನನ್ನೂ ವಾರ್ಡನ್ನರನ್ನೂ ಒಪ್ಪಿಸಿದ್ದೇನೆ, ರಜೆಗೆ ಅವಳನ್ನು ಕಮಲಾಪುರದ ನಮ್ಮ ಮನೆಗೆ ಕರೆತರುತ್ತೇನೆ. ನನ್ನ ಮೊಣಕಾಲು ನೋವು ಹಾಗೇ ಇದೆ, ಎಣ್ಣೆ ಕಾಸಿಡು. ಅವಳ ತಾಯಿಯ ವಿಷಯ ಮನೆಯಲ್ಲಿ ಯಾರೂ ಎತ್ತಬೇಡಿ. ಅವಳಾಗಿಯೇ ಕೇಳಿದರೆ ಏನು ಹೇಳಬೇಕೋ ನನಗೂ ಗೊತ್ತಿಲ್ಲ.

ನಿನ್ನ ಗುರುದೇವಿ